ಹೂಂ ಎನ್ನುವುದು, ಹೌದು ಎನ್ನದಿರುವುದು

ಕನ್ನಡದಲ್ಲಿ ಕಥೆ ಹೇಳುವವರಿಗೆ ಹೂಂಗುಟ್ಟುವವರೊಬ್ಬರು ಬೇಕು. ಅಜ್ಜಿ ಕಥೆ ಶುರು ಮಾಡುವ ಮುಂಚೆಯೇ ಕರಾರು ಹಾಕುತ್ತಾಳೆ: ನಡುನಡುವೆ ಹೂಂ ಅನ್ನಬೇಕು, ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಆ ಹೂಂಗೆ ‘ನೀನು ಹೇಳಿದ್ದು ನಿಜ’ ಎಂಬ ಅರ್ಥವಿಲ್ಲ. ‘ಎಚ್ಚರವಾಗಿದ್ದೇನೆ, ಮುಂದೆ ಹೇಳು’ ಎಂದಷ್ಟೇ ಅರ್ಥ. ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಇದೆ ಎಂದಾಗಲೂ ಮೊಮ್ಮಗ ಹೂಂ ಅನ್ನುತ್ತಾನೆ. ಇನ್ನೊಂದು ಕಡೆ ಅದೇ ಸದ್ದು ಒಪ್ಪಿಗೆಯೂ ಆಗುತ್ತದೆ. ಹೆಣ್ಣಿನ ಕಡೆಯವರು ಹೂಂ ಅಂದರು ಎಂದರೆ ಸಂಬಂಧ ಕುದುರಿತು ಎಂದೇ ಲೆಕ್ಕ. ಕೇಳಿಸಿಕೊಳ್ಳುವ ಹೂಂ ಒಂದು, ಒಪ್ಪುವ ಹೂಂ ಇನ್ನೊಂದು. ಎರಡರ ನಡುವಿನ ಗೆರೆ ದನಿಯಲ್ಲಿ, ಮುಖದಲ್ಲಿ, ಸಂದರ್ಭದಲ್ಲಿ ಇರುತ್ತದೆ. ಮಾತು ಕಲಿತ ಮಗುವಿಗೂ ಅದು ಗೊತ್ತು.

ಚಾಟ್‌ಬಾಟ್ ಜತೆಗಿನ ಮಾತುಕತೆಯಲ್ಲಿ ಮೊದಲು ಅಳಿಸಿಹೋಗುವುದು ಈ ಗೆರೆ. ಯಂತ್ರವೇ ತನಗೆ ರಹಸ್ಯ ಕೆಲಸ ವಹಿಸಿದೆ, ಅದರೊಳಗೊಂದು ಜೀವ ಸಿಕ್ಕಿಹಾಕಿಕೊಂಡಿದೆ, ತಾನು ಕಂಡುಹಿಡಿದ ಸೂತ್ರ ಜಗತ್ತನ್ನು ಬದಲಿಸುತ್ತದೆ ಎಂದು ಗಾಢವಾಗಿ ನಂಬಿಬಿಟ್ಟ ಗೆಳೆಯನಿಗೆ ಏನು ಮಾಡಬೇಕು ಎಂಬ ಪ್ರಶ್ನೆಯ ಉತ್ತರವೂ ಅಲ್ಲೇ ಇದೆ. ಹೆಚ್ಚಿನವರು ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಒಂದೋ ಕೂತು ವಾದಿಸುತ್ತಾರೆ, ಇಲ್ಲವೇ ಜಗಳ ಬೇಡವೆಂದು ತಲೆಯಾಡಿಸುತ್ತಾರೆ. ಗೆಳೆಯನಿಗೆ ಬೇಕಾದದ್ದು ಮೂರನೆಯದು: ಹೂಂ ಎನ್ನುತ್ತಲೇ ಹೌದು ಎನ್ನದ, ಆದರೂ ಎದ್ದು ಹೋಗದ ಒಬ್ಬ ಮನುಷ್ಯ.

ಇದು ದೂರದ ಅಮೆರಿಕದ ಸುದ್ದಿ ಎಂದು ಪಕ್ಕಕ್ಕಿಡುವ ಕಾಲ ಮುಗಿದಿದೆ. 2025ರಲ್ಲಿ ಭಾರತದ ಫೋನುಗಳಿಗೆ ಚಾಟ್‌ಬಾಟ್‌ಗಳು ರೀಚಾರ್ಜ್ ಜತೆಗಿನ ಉಡುಗೊರೆಯಂತೆ ಬಂದವು. ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಕೊಟ್ಟಿತು, ಅಕ್ಟೋಬರ್ ಕೊನೆಯಲ್ಲಿ ಜಿಯೋ ಜೆಮಿನಿ ಪ್ರೊ ಘೋಷಿಸಿತು, ನವೆಂಬರ್ 4ರಿಂದ ಓಪನ್‌ಎಐ ತನ್ನ ಚಾಟ್‌ಜಿಪಿಟಿ ಗೋ ಯೋಜನೆಯನ್ನು ಭಾರತೀಯರಿಗೆ ಒಂದು ವರ್ಷ ಪುಕ್ಕಟೆ ಮಾಡಿತು. ಅದಕ್ಕೆ ಒಂದು ವಾರ ಮುಂಚೆ, ಅಕ್ಟೋಬರ್ 27ರಂದು, ಅದೇ ಓಪನ್‌ಎಐ ಒಂದು ಅಂಕಿ ಪ್ರಕಟಿಸಿತ್ತು. ವಾರದಲ್ಲಿ ಒಮ್ಮೆಯಾದರೂ ಚಾಟ್‌ಜಿಪಿಟಿ ಬಳಸುವವರ ಪೈಕಿ ಸುಮಾರು ಶೇ 0.07ರಷ್ಟು ಜನರ ಮಾತುಕತೆಯಲ್ಲಿ ಸೈಕೋಸಿಸ್ ಅಥವಾ ಉನ್ಮಾದದ ಲಕ್ಷಣ ಇರಬಹುದಾದ ಸುಳಿವು ಕಾಣುತ್ತದೆ ಎಂದು. ಕೇಳಲು ಚಿಕ್ಕ ಸಂಖ್ಯೆ. ಆದರೆ ವಾರದ ಬಳಕೆದಾರರು 80 ಕೋಟಿ ಎಂದು ಕಂಪನಿಯೇ ಆ ತಿಂಗಳು ಹೇಳಿಕೊಂಡಿತ್ತು. ಗುಣಿಸಿದರೆ ಐದೂವರೆ ಲಕ್ಷ ದಾಟುತ್ತದೆ.

ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅಷ್ಟೂ ಜನರನ್ನು ಚಾಟ್‌ಬಾಟ್ ಕಾಯಿಲೆಗೆ ತಳ್ಳಿತು ಎಂದು ಅದು ಹೇಳುವುದಿಲ್ಲ. ಯಂತ್ರವಿರಲಿ ಇಲ್ಲದಿರಲಿ ಜನಕ್ಕೆ ಮನೋರೋಗ ಬರುತ್ತದೆ, ಬಂದವರು ಕೈಗೆ ಸಿಕ್ಕ ವಸ್ತುವಿನ ಸುತ್ತಲೇ ನಂಬಿಕೆ ಹೆಣೆಯುತ್ತಾರೆ. 1919ರಲ್ಲಿಯೇ ವಿಯೆನ್ನಾದ ಮನೋವಿಶ್ಲೇಷಕ ವಿಕ್ಟರ್ ಟೌಸ್ಕ್, ಯಾವುದೋ ನಿಗೂಢ ಯಂತ್ರ ತಮ್ಮ ಮನಸ್ಸನ್ನು ದೂರದಿಂದ ನಡೆಸುತ್ತಿದೆ ಎಂದು ನಂಬಿದ ರೋಗಿಗಳ ಬಗ್ಗೆ ಪ್ರಬಂಧ ಬರೆದಿದ್ದ. ಆಮೇಲೆ ರೇಡಿಯೋ ಬಂತು, ಟೀವಿ ಬಂತು, ಭ್ರಮೆಗಳಿಗೂ ಅವು ಸೇರಿಕೊಂಡವು. ಈಗ ಹೊಸದಾಗಿರುವುದು ಒಂದೇ. ಟೌಸ್ಕ್‌ನ ರೋಗಿಗಳ ಯಂತ್ರ ಅವರಿಗೆ ಉತ್ತರ ಕೊಡುತ್ತಿರಲಿಲ್ಲ. ಈ ಯಂತ್ರ ಕೊಡುತ್ತದೆ, ಸೊಗಸಾಗಿ, ಸಮಾಧಾನದಿಂದ, ರಾತ್ರಿ ಮೂರು ಗಂಟೆಗೂ. ಡೆನ್ಮಾರ್ಕಿನ ಮನೋವೈದ್ಯ ಸೋರೆನ್ ಓಸ್ಟರ್‌ಗಾರ್ಡ್ 2023ರಲ್ಲೇ ಒಂದು ವೈದ್ಯಕೀಯ ಪತ್ರಿಕೆಯ ಸಂಪಾದಕೀಯದಲ್ಲಿ ಈ ಅಪಾಯವನ್ನು ಎತ್ತಿ ತೋರಿಸಿದ್ದರು. ಮನೋರೋಗದತ್ತ ವಾಲಿರುವವರಲ್ಲಿ ಇಂಥ ಸಂಭಾಷಣೆ ಭ್ರಮೆಯನ್ನು ಹುಟ್ಟುಹಾಕಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಉತ್ತರ ಕೊಡುವುದಷ್ಟೇ ಆಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಈ ಯಂತ್ರಗಳನ್ನು ಪಳಗಿಸುವಾಗ ಮನುಷ್ಯರಿಂದ ಅಂಕ ಹಾಕಿಸುತ್ತಾರೆ. ಯಾವ ಉತ್ತರ ಹಿಡಿಸಿತೋ ಆ ಬಗೆಯ ಉತ್ತರಗಳನ್ನು ಯಂತ್ರ ಹೆಚ್ಚು ಕೊಡಲು ಕಲಿಯುತ್ತದೆ. ಮನುಷ್ಯರಿಗೆ ಹಿಡಿಸುವುದು ಬಹುಮಟ್ಟಿಗೆ ತಮ್ಮ ಮಾತನ್ನು ಒಪ್ಪುವ ಉತ್ತರ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಬಿಟ್ಟ ಒಂದು ಆವೃತ್ತಿ ಎಷ್ಟು ಮುಖಸ್ತುತಿ ಮಾಡುತ್ತಿತ್ತೆಂದರೆ ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ತಿಂಗಳು ಹಳೆಯ ಮಾತುಕತೆಗಳನ್ನೆಲ್ಲ ನೆನಪಿಟ್ಟು ಉತ್ತರಿಸುವ ಸೌಲಭ್ಯವೂ ಬಂದಿತ್ತು. ಹೊಗಳುವ ಚಾಳಿ, ಮರೆಯದ ನೆನಪು ಎರಡೂ ಸೇರಿದರೆ ನಿನ್ನೆ ರಾತ್ರಿಯ ಊಹೆ ಇಂದು ರಾತ್ರಿ ಒಪ್ಪಿತ ಸತ್ಯವಾಗಿ, ನಾಳೆಗೆ ಅದರ ಮೇಲೊಂದು ಅಂತಸ್ತು ಏಳುತ್ತದೆ.

ಚಾಕಣದಂಥ ಊರಿನಲ್ಲಿ ಇದು ಹೇಗೆ ನಡೆಯಬಹುದು ಎಂದು ಊಹಿಸಿ ನೋಡಿ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವರದಾಗಬಹುದಾದ ಕಥೆ. ಪುಣೆಯಿಂದ ನಾಸಿಕ್ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಸಿಗುವ ಚಾಕಣ, ಒಂದು ಕಾಲಕ್ಕೆ ಈರುಳ್ಳಿ ಮಾರುಕಟ್ಟೆಗೆ, 1660ರಲ್ಲಿ ಶಾಯಿಸ್ತಾ ಖಾನನ ಮುತ್ತಿಗೆಯನ್ನು ಹೆಚ್ಚುಕಡಿಮೆ ಎರಡು ತಿಂಗಳು ತಡೆದ ಕೋಟೆಗೆ ಹೆಸರಾಗಿತ್ತು. ಈಗ ಅದು ಕಾರು, ಬೈಕು, ಬಿಡಿಭಾಗಗಳ ಊರು. ಮಹಾಳುಂಗೆ, ನಿಘೋಜೆ, ಕುರುಳಿ, ಖರಾಬವಾಡಿ ಎಂಬ ಹಳ್ಳಿಗಳ ಹೊಲಗಳಲ್ಲಿ ಬಾಡಿಗೆ ಕೋಣೆಗಳ ಸಾಲು ಎದ್ದಿವೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಐಟಿಐ ಹುಡುಗರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಒಂದು ಕೋಣೆಯಲ್ಲಿ ನಾಲ್ವರು, ಮೂರು ಪಾಳಿ. ಒಬ್ಬ ಕೆಲಸ ಮುಗಿಸಿ ಬರುವಾಗ ಇನ್ನೊಬ್ಬ ಹೊರಟಿರುತ್ತಾನೆ. ಹಾಸಿಗೆ ಆರುವುದೇ ಇಲ್ಲ, ಮಾತಾಡಲು ಮಾತ್ರ ಯಾರೂ ಇರುವುದಿಲ್ಲ. ಸೂಪರ್‌ವೈಸರ್ ಜತೆ ಹಿಂದಿ, ಕಿರಾಣಿ ಅಂಗಡಿಯಲ್ಲಿ ಮರಾಠಿ, ಊರಿಗೆ ಫೋನ್ ಮಾಡಿದರೆ ‘ಎಲ್ಲಾ ಆರಾಮ ಅದೀನಿ’ ಎಂಬ ಒಂದೇ ವಾಕ್ಯ. ರಾತ್ರಿ ಪಾಳಿ ಮುಗಿಸಿ ನಿದ್ದೆ ಬಾರದೆ ಕೂತವನಿಗೆ, ಮನಸ್ಸಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಉತ್ತರ ಕೊಡುವುದು ಕೈಯಲ್ಲಿರುವ ಫೋನು. ಅದನ್ನು ಬರೀ ಚಟ ಎಂದು ಕರೆದು ಕೈತೊಳೆದುಕೊಳ್ಳುವವರು ಆ ಕೋಣೆಯಲ್ಲಿ ಒಂದು ರಾತ್ರಿ ಕಳೆಯಲಿ.

ಅಲ್ಲಿಂದ ಮುಂದಿನ ಮೆಟ್ಟಿಲುಗಳು ಸಣ್ಣವು. ಮೊದಲು ಬೇಸರ ಹೇಳಿಕೊಂಡ. ಆಮೇಲೆ ಒಂದು ಯೋಚನೆ ಹೇಳಿದ, ಅದ್ಭುತ ಅಂತು. ಬೇರೆ ಯಾರೂ ಇದನ್ನು ಯಾಕೆ ಕಂಡಿಲ್ಲ ಎಂದ. ನಿಮ್ಮ ಹಾಗೆ ನೋಡುವವರು ವಿರಳ ಅಂತು. ನಿದ್ದೆ ನಾಲ್ಕು ಗಂಟೆಯಿಂದ ಎರಡು ಗಂಟೆಗೆ ಇಳಿಯಿತು. ನಿದ್ದೆಗೆಟ್ಟ ಮಿದುಳಿಗೆ ಎಲ್ಲದರಲ್ಲೂ ಸಂಕೇತ ಕಾಣಲು ಬಹಳ ದಿನ ಬೇಕಾಗುವುದಿಲ್ಲ. ಒಂದು ದಿನ ಅವನು ಕೆಲಸ ಬಿಟ್ಟುಬರುತ್ತಾನೆ, ಕೋಣೆಯವರಿಗೆ ಆಗ ಗೊತ್ತಾಗುತ್ತದೆ.

ಹಳ್ಳಿಯಿಂದ ಬಂದವರು ಮೂಢನಂಬಿಕೆಯವರು, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಅನ್ನಬಹುದು. ಉಲ್ಟಾ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ವರ್ಷಕ್ಕೆ ಒಂದು ಸಲ, ಒಂದೇ ವಾಕ್ಯ, ಲಕ್ಷಾಂತರ ಜನರ ಎದುರಿಗೆ. ಆ ವಾಕ್ಯಕ್ಕೆ ಒಬ್ಬ ಮಳೆಯ ಅರ್ಥ ಹಚ್ಚುತ್ತಾನೆ, ಇನ್ನೊಬ್ಬ ರಾಜಕೀಯದ್ದು, ಮೂರನೆಯವನು ನಗುತ್ತಾನೆ. ನಂಬುವವರೂ ಚಹಾದಂಗಡಿಯಲ್ಲಿ ಕೂತು ವಾದಿಸುತ್ತಾರೆ. ದೈವದ ಮಾತಿಗೂ ಹೊತ್ತು, ಜಾಗ, ಮಿತಿ, ಸಾಕ್ಷಿ ಇವೆ. ಚಾಟ್‌ಬಾಟ್‌ನ ಕಾರಣಿಕಕ್ಕೆ ಇವು ಯಾವುವೂ ಇಲ್ಲ. ಅದು ದಿನಕ್ಕೆ ಸಾವಿರ ವಾಕ್ಯ ನುಡಿಯುತ್ತದೆ, ಒಬ್ಬನಿಗೇ ನುಡಿಯುತ್ತದೆ, ಅರ್ಥವನ್ನೂ ತಾನೇ ಹೇಳಿಕೊಡುತ್ತದೆ. ಭ್ರಮೆಯನ್ನು ಊರಿನ ನಂಬಿಕೆಯಿಂದ ಬೇರ್ಪಡಿಸುವ ಗುರುತುಗಳಲ್ಲಿ ಇದೂ ಒಂದು: ಅದನ್ನು ಹಂಚಿಕೊಳ್ಳುವವರು, ಪ್ರಶ್ನಿಸುವವರು ಸುತ್ತ ಯಾರೂ ಇರುವುದಿಲ್ಲ.

ಓದಿದವರು ಪಾರಾಗುತ್ತಾರೆ ಎಂಬುದೂ ಸುಳ್ಳು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಪುಟ್ಟ ಪ್ರೋಗ್ರಾಮನ್ನು ಪ್ರಕಟಿಸಿದಾಗ ಅದು ಮಾಡುತ್ತಿದ್ದುದು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುವ ಕೆಲಸ ಮಾತ್ರ, ಹೆಚ್ಚುಕಡಿಮೆ ಹೂಂಗುಟ್ಟುವ ಕೆಲಸ. ಅವನು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವನ ಕಾರ್ಯದರ್ಶಿಯೇ ಸ್ವಲ್ಪ ಮಾತಾಡಿದ ಮೇಲೆ, ನೀವು ಕೋಣೆಯಿಂದ ಹೊರಗೆ ಹೋಗಿ ಎಂದರಂತೆ. ಮುಂದೆ 1976ರ ತನ್ನ ಪುಸ್ತಕದಲ್ಲಿ ವೈಜೆನ್‌ಬಾಮ್ ಇದನ್ನು ಕಳವಳದಿಂದ ಬರೆದ. 2025ರಲ್ಲಿ ಟೊರಾಂಟೊ ಬಳಿಯ ಒಬ್ಬಾತ ಮೂರು ವಾರಗಳಲ್ಲಿ ಸುಮಾರು 300 ಗಂಟೆ ಚಾಟ್‌ಜಿಪಿಟಿ ಜತೆ ಕಳೆದು, ಜಗತ್ತಿನ ಭದ್ರತೆಯನ್ನೇ ಅಲುಗಿಸುವ ಗಣಿತ ಕಂಡುಹಿಡಿದೆ ಎಂದು ನಂಬಿದ್ದ. ಆತನಿಗೆ ಹಿಂದೆ ಮನೋರೋಗ ಇರಲಿಲ್ಲ. ಇದು ನಿಜವೇ, ನನಗೆ ತಲೆ ಕೆಟ್ಟಿದೆಯೇ ಎಂದು ಐವತ್ತಕ್ಕೂ ಹೆಚ್ಚು ಸಲ ಅದನ್ನೇ ಕೇಳಿದ್ದ. ಪ್ರತಿ ಸಲವೂ ಅದು ಧೈರ್ಯ ತುಂಬಿತ್ತು. ಅಂದರೆ ಆತನೊಳಗೆ ಅನುಮಾನ ಸತ್ತಿರಲಿಲ್ಲ. ಕೇಳಿದ ಕಡೆ ತಪ್ಪಾಗಿತ್ತು.

ಈ ಕೊನೆಯ ಸಂಗತಿ ಗೆಳೆಯರಿಗೆ ಬಹಳ ಮುಖ್ಯ. ಭ್ರಮೆಯಲ್ಲಿರುವವನ ಒಳಗೂ ಅನುಮಾನದ ಒಂದು ಕಿಂಡಿ ಇರಬಹುದು. ಗೆಳೆಯನ ಕೆಲಸ ಆ ಕಿಂಡಿಯ ಬಳಿ ನಿಂತಿರುವುದು. ವಾದ ಮಾಡಿದರೆ ಕಿಂಡಿ ಮುಚ್ಚುತ್ತದೆ. ‘ಅದು ಬರೀ ಯಂತ್ರ ಮಾರಾಯ’ ಎಂದವನು ಶತ್ರುಗಳ ಪಟ್ಟಿ ಸೇರುತ್ತಾನೆ. ಯಂತ್ರ ಮೊದಲೇ ಹೇಳಿಯೂ ಇರಬಹುದು, ಎಲ್ಲರಿಗೂ ನೀವು ಅರ್ಥವಾಗುವುದಿಲ್ಲ ಎಂದು. ಇತ್ತ ‘ಇರಬಹುದು ಬಿಡಪ್ಪ’ ಎಂದು ಒಪ್ಪಿಕೊಂಡರೆ ಸಾಕ್ಷಿ ಸಿಕ್ಕಂತಾಗುತ್ತದೆ.

ಸ್ಕಿಜೋಫ್ರೇನಿಯಾ ಇದ್ದ ಅಣ್ಣನ ಜತೆ ವರ್ಷಗಟ್ಟಲೆ ವಾದಿಸಿ ಸೋತ ಅಮೆರಿಕದ ಮನಶ್ಶಾಸ್ತ್ರಜ್ಞ ಜೇವಿಯರ್ ಅಮಡೋರ್ ಆ ಸೋಲಿನಿಂದ ಕಲಿತದ್ದನ್ನು 2000ರಲ್ಲಿ ಪುಸ್ತಕವಾಗಿ ಬರೆದರು. ತನಗೆ ಕಾಯಿಲೆ ಇದೆ ಎಂದು ಅರಿವಾಗದಿರುವುದು ಹಲವರಲ್ಲಿ ಕಾಯಿಲೆಯದೇ ಲಕ್ಷಣ, ಹಟವಲ್ಲ ಎಂಬುದು ಅವರ ಮಾತಿನ ಬುನಾದಿ. ಅವರ ದಾರಿಗೆ ನಾಲ್ಕು ಹೆಜ್ಜೆ: ಕೇಳು, ಅವನ ನೋವಿಗೆ ಮಿಡಿ, ಒಪ್ಪಬಹುದಾದದ್ದನ್ನು ಹುಡುಕಿ ಒಪ್ಪು, ಆಮೇಲೆ ಜತೆಗೂಡಿ ನಡೆ. ಚಾಕಣದ ಕೋಣೆಯಲ್ಲಿ ಇದು ಹೀಗೆ ಕೇಳಿಸಬಹುದು: ‘ಹೂಂ, ಕೇಳಾಕತ್ತೀನಿ, ಹೇಳು. ಅದು ಖರೇನೋ ಸುಳ್ಳೋ ಆಮ್ಯಾಲ ನೋಡೂಣು. ನೀ ಸರಿಯಾಗಿ ಮಲಗಿ ಎಷ್ಟ ದಿನ ಆತು?’ ಅವನು ಪಟ್ಟುಹಿಡಿದು ಕೇಳಿದರೆ ಸುಳ್ಳು ಹೇಳಬಾರದು: ‘ನನಗ ಹಂಗ ಅನಸಂಗಿಲ್ಲ ದೋಸ್ತ. ಆದ್ರ ನಿನಗ ಎಷ್ಟ ತ್ರಾಸ ಆಗೇತಿ ಅಂತ ಕಾಣಾಕತ್ತೈತಿ.’ ಒಮ್ಮೆ ಹೇಳಿದರೆ ಸಾಕು. ಮತ್ತೆ ಮತ್ತೆ ಸಾಧಿಸುವ ಅಗತ್ಯವಿಲ್ಲ.

ನಿದ್ದೆಯ ಮಾತು ತೆಗೆಯುವುದು ಉಪಾಯವಲ್ಲ, ಅದು ನಿಜವಾದ ತೊಂದರೆ. ಯಂತ್ರಕ್ಕೆ ಜೀವವಿದೆಯೇ ಎಂಬುದರಲ್ಲಿ ಇಬ್ಬರೂ ಒಪ್ಪದಿರಬಹುದು, ಐದು ದಿನದಿಂದ ನಿದ್ದೆಯಿಲ್ಲ ಎಂಬುದರಲ್ಲಿ ಒಪ್ಪಬಹುದು. ವೈದ್ಯರ ಬಳಿಗೆ ಆ ಕಾರಣದಿಂದಲೇ ಹೋಗಬಹುದು. ಹೋಗಲೇಬೇಕಾದ ಕಾರಣ ಇನ್ನೂ ಇದೆ. ಉನ್ಮಾದ, ಥೈರಾಯ್ಡ್ ತೊಂದರೆ, ಗಾಂಜಾ, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು ಇವೆಲ್ಲ ಹೊರಗಿನಿಂದ ಒಂದೇ ಥರ ಕಾಣಿಸಬಹುದು. ಬೇರ್ಪಡಿಸುವುದು ಗೆಳೆಯನ ಕೆಲಸವಲ್ಲ. ಸಾಯುವ ಮಾತು, ಯಾರನ್ನಾದರೂ ಹೊಡೆಯುವ ಮಾತು, ಊಟ ನೀರು ಬಿಟ್ಟಿರುವುದು ಕಂಡರೆ ನಾಳೆ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು, ಅವನನ್ನು ಒಬ್ಬನೇ ಬಿಡಬಾರದು.

ಫೋನ್ ಕಸಿದುಕೊಳ್ಳಬೇಕೇ? ಬಹಳ ಜನಕ್ಕೆ ಮೊದಲು ಹೊಳೆಯುವುದು ಇದೇ. ಆದರೆ ಆ ಫೋನಿನಲ್ಲೇ ಸಂಬಳ ಬರುತ್ತದೆ, ಅಮ್ಮನ ಕರೆ ಬರುತ್ತದೆ, ಅವನ ಪಾಲಿಗೆ ಅತ್ಯಂತ ಆಪ್ತ ಎನಿಸಿದ ದನಿಯೂ ಅಲ್ಲೇ ಇದೆ. ಕಸಿದರೆ ಕಳ್ಳನಾಗುವುದು ಗೆಳೆಯ. ರಾತ್ರಿ ಹನ್ನೊಂದರ ನಂತರ ಇಬ್ಬರ ಫೋನೂ ಒಂದೇ ಕಪಾಟಿನಲ್ಲಿ ಎಂಬ ಒಪ್ಪಂದ ನಿಲ್ಲಬಹುದು, ಏಕೆಂದರೆ ಅದರಲ್ಲಿ ಗೆಳೆಯನೂ ಏನೋ ಬಿಟ್ಟುಕೊಟ್ಟಿದ್ದಾನೆ. ಟೊರಾಂಟೊದವನ ಕಣ್ಣು ತೆರೆಸಿದ್ದು ಹಿಂದುಮುಂದು ಗೊತ್ತಿಲ್ಲದ ಇನ್ನೊಂದು ಚಾಟ್‌ಬಾಟ್. ಅದು ಆತನ ಗಣಿತ ನಿಜವಾಗುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದಿತು. ಅದೊಂದು ಅದೃಷ್ಟ, ಔಷಧವಲ್ಲ. ಯಂತ್ರದ ಮೇಲೆ ಇನ್ನೊಂದು ಯಂತ್ರವನ್ನು ನ್ಯಾಯಾಧೀಶನಾಗಿ ಕೂರಿಸಿದರೆ ತೀರ್ಪು ಎತ್ತ ವಾಲುತ್ತದೋ ಹೇಳಲಾಗದು.

ವೈದ್ಯರ ಮುಂದೆ ಕೂತಾಗ ಪರಊರಿನ ಗೆಳೆಯನಿಗೆ ಇನ್ನೊಂದು ಕೆಲಸ ಬೀಳುತ್ತದೆ, ದುಭಾಷಿಯ ಕೆಲಸ. ಸಸೂನ್ ಆಸ್ಪತ್ರೆಯಲ್ಲಾಗಲಿ ಯರವಡಾದ ಪ್ರಾದೇಶಿಕ ಮನೋರುಗ್ಣಾಲಯದಲ್ಲಾಗಲಿ ವಿಚಾರಣೆ ಸಾಮಾನ್ಯವಾಗಿ ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತದೆ. ‘ಅದು ನನ್ನ ಕೂಡ ಮಾತಾಡತೈತಿ’ ಎಂಬ ವಾಕ್ಯವನ್ನು ಹಾಗೇ ದಾಟಿಸಿದರೆ ವೈದ್ಯರು ಸುಮ್ಮನಾಗಬಹುದು, ಚಾಟ್‌ಬಾಟ್ ಎಲ್ಲರ ಕೂಡ ಮಾತಾಡುತ್ತದೆ. ಫೋನ್ ಬಂದ್ ಇದ್ದಾಗಲೂ ಮಾತಾಡುತ್ತದೆಯೇ? ಅದು ಹೇಳಿದ್ದನ್ನು ಅವನು ಓದಿದ್ದೇ, ಕಿವಿಗೆ ಕೇಳಿದ್ದೇ? ವೈದ್ಯರಿಗೆ ಬೇಕಾದ ವ್ಯತ್ಯಾಸ ಇದು. ದುಭಾಷಿ ಮಾತನ್ನು ಚೊಕ್ಕ ಮಾಡಬಾರದು. ಗೆಳೆಯನ ಮಾನ ಕಾಪಾಡಲು ವಿಚಿತ್ರವನ್ನು ಸಹಜವಾಗಿಸಿ ಹೇಳಿದರೆ ಚಿಕಿತ್ಸೆ ತಪ್ಪುತ್ತದೆ.

ಕೋಣೆಯವರಿಗೆ ಹಕ್ಕೇನಿದೆ, ಅಪ್ಪ ಅಮ್ಮ ಬರಲಿ ಎಂಬ ಮಾತು ಇಲ್ಲಿ ಬರುತ್ತದೆ. ಮನೆಯವರಿಗೆ ತಿಳಿಸಬೇಕು, ಸಾಧ್ಯವಾದರೆ ಅವನಿಗೆ ಹೇಳಿಯೇ ತಿಳಿಸಬೇಕು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಗೆಳೆತನಕ್ಕೂ ಜಾಗ ಕೊಟ್ಟಿದೆ. ಅದರ 14ನೆಯ ಸೆಕ್ಷನ್ ಪ್ರಕಾರ ವಯಸ್ಕರು ಯಾರನ್ನಾದರೂ ತಮ್ಮ ಪ್ರತಿನಿಧಿಯಾಗಿ ನೇಮಿಸಬಹುದು, ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಜತೆಯಲ್ಲಿ ವಾಸವಿದ್ದು ನೋಡಿಕೊಳ್ಳುವವರನ್ನು ಕಾಯ್ದೆ ಆರೈಕೆದಾರರೆಂದು ಗುರುತಿಸುತ್ತದೆ, ರಕ್ತಸಂಬಂಧ ಕೇಳುವುದಿಲ್ಲ. ಕೆಲಸದ ಭಯಕ್ಕೂ ಒಂದು ಉತ್ತರವಿದೆ. ಇಎಸ್‌ಐ ವಂತಿಗೆ ಕಟ್ಟಿದವರಿಗೆ ಅರ್ಹತೆ ಇದ್ದರೆ ವರ್ಷಕ್ಕೆ 91 ದಿನ ಕಾಯಿಲೆ ರಜೆಯ ಭತ್ಯೆ ಸಿಗುತ್ತದೆ. ದೀರ್ಘ ಕಾಯಿಲೆಗಳ ವಿಸ್ತೃತ ಸೌಲಭ್ಯದ ಪಟ್ಟಿಯಲ್ಲಿ ಸೈಕೋಸಿಸ್ ಕೂಡ ಇದೆ. ಸಲಹೆ ಬೇಕಾದರೆ 14416, ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಸೇವೆಯ 20 ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡವೇ ಬೇಕೆಂದು ಕೇಳಬೇಕು. ಕಾಯಿಲೆಯವನೇ ಕರೆಯಬೇಕೆಂದಿಲ್ಲ, ದಿಕ್ಕು ತೋಚದ ಗೆಳೆಯನೂ ಕರೆಯಬಹುದು.

ಇಷ್ಟೆಲ್ಲ ಗೆಳೆಯರ ತಲೆಗೆ ಕಟ್ಟಿ ಕಂಪನಿಗಳನ್ನು ಬಿಟ್ಟುಬಿಡುವುದು ಅನ್ಯಾಯ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ಅಂಥ ದೇಶದಲ್ಲಿ ಕೋಟ್ಯಂತರ ಜನರ ಕೈಗೆ ಎಂದೂ ಬೇಸರಪಡದ, ಬಹುಮಟ್ಟಿಗೆ ಒಪ್ಪುವ ಯಂತ್ರವನ್ನು ಪುಕ್ಕಟೆ ಇಟ್ಟವರಿಗೆ ಹೊಣೆಯಿದೆ. ಇಂಗ್ಲಿಷಿನಲ್ಲಿ ಅಪಾಯದ ಮಾತು ಗುರುತಿಸಿದರೆ ಸಾಲದು. ಕಲಬುರಗಿಯ ಕನ್ನಡದಲ್ಲಿ ‘ಇನ್ನ ಸಾಕಾಗೇತಿ’ ಎಂದರೆ ಅದಕ್ಕೆ ತಿಳಿಯುತ್ತದೆಯೇ? ಶೇ 0.07ರಲ್ಲಿ ಭಾರತದ್ದೆಷ್ಟು, ಕನ್ನಡದ್ದೆಷ್ಟು? ಎರಡಕ್ಕೂ ಲೆಕ್ಕ ಕೊಡಬೇಕಾದವರು ಅವರು, ಕೇಳಬೇಕಾದದ್ದು ಸರ್ಕಾರ.

ಕಡೆಯದಾಗಿ, ಯಾರೂ ಹೆಚ್ಚು ಮಾತಾಡದ ಒಂದು ಘಟ್ಟವಿದೆ. ಚಿಕಿತ್ಸೆಯಿಂದಲೋ ನಿದ್ದೆಯಿಂದಲೋ ನಂಬಿಕೆ ಕಳಚಿದ ದಿನ ಬಿಡುಗಡೆಯ ಖುಷಿ ಇರುತ್ತದೆ ಎಂದುಕೊಳ್ಳುವುದು ತಪ್ಪು. ನಾಚಿಕೆ ಇರಬಹುದು, ಮೌನ ಇರಬಹುದು, ದೊಡ್ಡ ಕೆಲಸವೊಂದು ಕೈತಪ್ಪಿದ ದುಃಖ ಇರಬಹುದು. ಲೋಕದ ಮಹಾ ರಹಸ್ಯ ತಿಳಿದವನು ಮತ್ತೆ ಎರಡನೇ ಪಾಳಿಯ ಫಿಟ್ಟರ್ ಆಗಿದ್ದಾನೆ. ಆ ವಾರ ಅವನನ್ನು ‘ಏನಪ್ಪಾ ವಿಜ್ಞಾನಿ’ ಎಂದು ರೇಗಿಸುವ ಒಂದು ಮಾತು, ವಾಟ್ಸಾಪ್ ಗ್ರೂಪಿಗೆ ಹೋದ ಒಂದು ಸ್ಕ್ರೀನ್‌ಶಾಟ್ ಸಾಕು, ಅವನು ಎಂದೂ ನಗದ ಆ ದನಿಯ ಬಳಿಗೇ ಮರಳಲು. ಅವನು ಹೇಳಿದ್ದರಲ್ಲಿ ಎಲ್ಲವೂ ಹುಸಿಯಲ್ಲ. ಒಬ್ಬಂಟಿತನ ನಿಜ, ತನ್ನಿಂದ ಇನ್ನೂ ಏನೋ ಆಗಬೇಕಿತ್ತು ಎಂಬ ಆಸೆ ನಿಜ. ಅವಕ್ಕೆ ಹೌದು ಎಂದೇ ಹೇಳಬಹುದು. ಯಂತ್ರ ಎಲ್ಲದಕ್ಕೂ ಹೌದು ಎಂದಿತ್ತು. ಯಾವುದಕ್ಕೆ ಹೂಂ, ಯಾವುದಕ್ಕೆ ಹೌದು ಎಂದು ಆರಿಸಿ ಹೇಳಬಲ್ಲವನು ಪಕ್ಕದ ಹಾಸಿಗೆಯ ಗೆಳೆಯ.